ಬಿಸಿಲಿಗಿಟ್ಟ ತುಪ್ಪ

ಆ ಮಾತು ಅನ್ನಪೂರ್ಣಾಳ ಬಾಯಿಂದ ಹೊರಬಿದ್ದದ್ದು ಸಂಕ್ರಮಣದ ಮರುದಿನ, ಬೆಳಿಗ್ಗೆ ಎಂಟರ ಸುಮಾರಿಗೆ, ಅಡುಗೆಮನೆಯ ಹೊಸ್ತಿಲ ಮೇಲೆ. ಹೊತ್ತು, ಜಾಗ ಎರಡೂ ಇಷ್ಟು ನಿಚ್ಚಳವಾಗಿ ನೆನಪಿರಲು ಕಾರಣವಿದೆ. ಆಮೇಲಿನ ದಿನಗಳಲ್ಲಿ ಅವಳು ಎಷ್ಟು ಸಲ ಮನಸ್ಸಿನಲ್ಲೇ ಆ ಹೊಸ್ತಿಲಿಗೆ ಮರಳಿ ಹೋಗಿ, ಬೇರೆ ಮಾತು ಆಡಿ ಬಂದಿದ್ದಾಳೋ ಅವಳಿಗೇ ಗೊತ್ತಿಲ್ಲ.

ಕಲ್ಮೇಶ ಅವಳ ತಮ್ಮ. ಇಪ್ಪತ್ತೊಂಬತ್ತು ವರ್ಷ. ನವಿಲುತೀರ್ಥದ ಅಣೆಕಟ್ಟಿನಿಂದ ಹೊರಡುವ ಕಾಲುವೆಯ ಮೇಲೆ ಗೇಟು ಎತ್ತಿಳಿಸುವ ದಿನಗೂಲಿ ಕೆಲಸ ಅವನದು. ಹಿಂದಿನ ಮುಂಗಾರಿನಲ್ಲಿ ಕಾಲುವೆಗೆ ನೀರು ಬಿಟ್ಟ ದಿನ ಗೇಟಿನ ಚಕ್ರ ಅವನ ಬಲಗೈಯಿಂದ ಜಾರಿತು. ‘ಗ್ರೀಸ್ ಭಾಳ ಬಡದಾರ’ ಎಂದು ನಕ್ಕ. ದಸರೆಯ ಹೊತ್ತಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಆಗಲಿಲ್ಲ. ದೀಪಾವಳಿಗೆ ನಾಲಗೆ ತೊದಲಿತು. ಮುನವಳ್ಳಿಯ ಅವರ ಓಣಿಯಲ್ಲಿ ಕೆಲವರು ಕುಡಿತವೆಂದರು, ಕೆಲವರು ಗಾಳಿ ಬಡಿದಿದೆ ಎಂದರು. ಅನ್ನಪೂರ್ಣಾ ಏನೂ ಅನ್ನಲಿಲ್ಲ. ಅವನು ಬರಿಮೈಯಲ್ಲಿ ಕುಳಿತಾಗ ತೋಳಿನ ಚರ್ಮದ ಕೆಳಗೆ ಸ್ನಾಯು ಹುಳು ಹರಿದಂತೆ ಅದುರುವುದನ್ನು ದೂರದಿಂದ ನೋಡುತ್ತಿದ್ದಳು. ನೀರು ಕುಡಿಯುವಾಗ ಗುಟುಕಿಗೆ ಎಷ್ಟು ಸಲ ಕೆಮ್ಮುತ್ತಾನೆ ಎಂದು ಎಣಿಸುತ್ತಿದ್ದಳು. ನೋಡುವುದು, ಎಣಿಸುವುದು, ಹೆದರುವುದು ಅವಳ ಹುಟ್ಟುಗುಣ.

ಅವಳು ಸವದತ್ತಿಯ ಡಿಗ್ರಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಅತಿಥಿ ಉಪನ್ಯಾಸಕಿ. ದಿನಾ ಮುನವಳ್ಳಿಯಿಂದ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಅದಕ್ಕೂ ಮುಂಚೆ ಮೂರು ವರ್ಷ ದೂರದ ಒಂದು ಪ್ರಯೋಗಾಲಯದಲ್ಲಿ ಸಹಾಯಕಿಯಾಗಿದ್ದಳು. ಅಲ್ಲಿ ಅವಳ ಕೆಲಸ ಸೂಕ್ಷ್ಮದರ್ಶಕದ ಕೆಳಗೆ ಪ್ರೋಟೀನಿನ ಹನಿಗಳನ್ನು ನೋಡುವುದು. ಹಾಗಾಗಿ ಧಾರವಾಡದ ಡಾಕ್ಟರಮ್ಮ ಕಲ್ಮೇಶನ ರಕ್ತಪರೀಕ್ಷೆಯ ವರದಿಯನ್ನು ಮೇಜಿನ ಮೇಲೆ ಸರಿಸಿದಾಗ, ಅದರಲ್ಲಿ ಬರೆದಿದ್ದ ಪ್ರೋಟೀನಿನ ಹೆಸರನ್ನು ಅವಳು ಎರಡನೇ ಸಲ ಓದಬೇಕಾಗಲಿಲ್ಲ. ಎಲ್ಲೋ ದೂರದ ಊರಲ್ಲಿ ಪರಿಚಯವಾದವರು ಹೇಳದೆ ಕೇಳದೆ ಮನೆ ಬಾಗಿಲಿಗೆ ಬಂದು ನಿಂತಂತಾಯಿತು. ಆ ಪ್ರೋಟೀನಿನ ಸೂತ್ರದಲ್ಲಿ ಒಂದೇ ಒಂದು ಅಕ್ಷರ ಬದಲಾಗಿತ್ತು. ತಂದೆಯ ಕಡೆ, ತಾಯಿಯ ಕಡೆ ಯಾರಿಗೂ ಇದ್ದದ್ದಲ್ಲ, ಅವನಲ್ಲೇ ಹೊಸದಾಗಿ ಆದದ್ದಿರಬೇಕು.

ಡಾಕ್ಟರಮ್ಮ ಅವಳೊಬ್ಬಳಿಗೇ ಇನ್ನೂ ಒಂದು ಮಾತು ಹೇಳಿದ್ದರು, ಅದನ್ನು ಅನ್ನಪೂರ್ಣಾ ಚೀಟಿಯಲ್ಲಿ ಬರೆದುಕೊಂಡಿದ್ದಳು. ನುಂಗುವ ಶಕ್ತಿ ಹೋಗುತ್ತಿದೆ. ಹೊಟ್ಟೆಗೆ ಒಂದು ಸಣ್ಣ ಪೈಪು ಕೂಡಿಸಿದರೆ ಅನ್ನ ನೀರು ನೇರವಾಗಿ ಕೊಡಬಹುದು, ಶ್ವಾಸಕೋಶಕ್ಕೆ ಇಳಿಯುವ ಭಯ ಅಷ್ಟು ಕಡಿಮೆ, ಅಷ್ಟು ದಿನ ಹೆಚ್ಚು. ಆದರೆ ಅದನ್ನು ಉಸಿರು ಗಟ್ಟಿಯಿರುವಾಗಲೇ ಮಾಡಬೇಕು. ಈಗ ಊದಿಸಿ ನೋಡಿದರೆ ನೂರಕ್ಕೆ ಅರವತ್ತಾರು ಇದೆ. ಐವತ್ತರ ಕೆಳಗೆ ಬಂದರೆ ಮಲಗಿಸುವುದೇ ಅಪಾಯ. ‘ಒಂದು ತಿಂಗಳು, ಬಹಳ ಅಂದ್ರೆ ಒಂದೂವರೆ. ತಡ ಮಾಡಬೇಡ್ರಿ.’

ಮರಳಿ ಬಂದ ಮೇಲೆ ಅವ್ವ ಇಂದ್ರವ್ವ ಎರಡು ದಿನ ಏನೂ ಕೇಳಲಿಲ್ಲ. ಎಳ್ಳು ಹುರಿದಳು, ರೊಟ್ಟಿ ಬಡಿದಳು, ಹಬ್ಬ ಮುಗಿಸಿದಳು. ಮೂರನೇ ದಿನ ಬೆಳಿಗ್ಗೆ ಮಗನನ್ನು ಗೋಡೆಗೆ ಆನಿಸಿ ಕೂಡಿಸಿ, ಚಳಿಗೆ ಕಲ್ಲಿನಂತಾದ ತುಪ್ಪದ ಗಿಂಡಿಯನ್ನು ಚಮಚದ ಹಿಡಿಯಿಂದ ಕೆರೆಯುತ್ತ ಕೇಳಿದಳು.

“ಏನಾಗೈತಿ ಅಂವಗ? ನನಗ ತಿಳಿಯೂ ಹಂಗ ಹೇಳ.”

ಅನ್ನಪೂರ್ಣಾ ಹೊಸ್ತಿಲ ಮೇಲೆ ಕುಳಿತಳು. ಮಾತನ್ನು ತೂಗಿ ಆಡುವವಳು ಅವಳು.

“ಅವ್ವಾ, ನಮ್ಮ ಮೈಯಾಗ ಕಣ್ಣಿಗಿ ಕಾಣದಷ್ಟು ಸಣ್ಣ ಸಣ್ಣ ಖೋಲಿ ಅದಾವ ಅಂತ ತಿಳಕೋ. ಒಂದೊಂದು ಖೋಲ್ಯಾಗೂ ಸಾವಿರಾರು ಪ್ರೋಟೀನು. ಅವು ಕೆಲಸ ಬಂದಾಗ ತಾವ ಒಂದ ಕಡೆ ಕೂಡತಾವ, ಹನಿಯಾಗತಾವ. ಕೆಲಸ ಮುಗದ ಮ್ಯಾಲ ಮತ್ತ ಚದರತಾವ.”

“ಯಾರು ಕರೀತಾರ ಅವನ್ನ?”

“ಯಾರೂ ಕರಿಯೂದಿಲ್ಲ. ಬೇಲಿ ಇಲ್ಲ, ಗ್ವಾಡಿ ಇಲ್ಲ. ಕಲ್ಮೇಶನ ಕೇಳ. ನೀರ ಬಿಟ್ಟ ದಿವಸ ಗೇಟಿನ ಹತ್ರ ರೈತರು ಹೆಂಗ ಕೂಡತಾರ? ಯಾರರ ಡಂಗುರಾ ಹೊಡಸ್ತಾರೇನ? ತಾವ ಬರ್ತಾರ, ಪಾಳಿ ಮುಗದ್ರ ತಾವ ಹೋಗ್ತಾರ.”

ಗೋಡೆಗೆ ಆನಿಕೊಂಡಿದ್ದ ಕಲ್ಮೇಶ ಏನೋ ಅಂದ. ಅವನ ಮಾತು ಆಗಲೇ ಬಾಯಲ್ಲಿ ಹತ್ತಿ ತುಂಬಿದಂತೆ ಆಗಿತ್ತು. ಅಕ್ಕನಿಗೆ ಮಾತ್ರ ಪೂರ್ತಿ ತಿಳಿಯುತ್ತಿತ್ತು.

“ಏನಂತಾನ?” ಅಂದಳು ಇಂದ್ರವ್ವ.

“ಜಗಳಾ ಹತ್ತಿತಂದ್ರ ಒಬ್ಬನೂ ಹೋಗೂದಿಲ್ಲ ಅಂತಾನ.”

ಮೂವರೂ ನಕ್ಕರು. ಅವನು ಅಂದದ್ದು ಎಷ್ಟು ಖರೆ ಎಂದು ಹೊಳೆದು ಅನ್ನಪೂರ್ಣಾಳ ನಗು ನಡುವೆಯೇ ನಿಂತಿತು. “ಹೂಂ. ಅದ ಆಗೈತಿ. ಅಂವನ ಮೈಯಾಗ ಕೂಡಿದ್ದು ಚದರವಲ್ದು. ಹನಿ, ಹನಿಯಾಗೇ ಉಳಿಯವಲ್ದು. ಗಟ್ಟಿಯಾಗಾಕ ಹತ್ತೈತಿ.”

“ಹೆಪ್ಪುಗಟ್ಟತೈತಿ ಅಂತೀಯೇನ?”

ಅವ್ವನ ಕೈಯಲ್ಲಿ ಗಿಂಡಿ ಇತ್ತು. ಕಣ್ಣೆದುರಿಗೇ ಇತ್ತು. ಅನ್ನಪೂರ್ಣಾ ಅಂದಳು: “ಹೂಂ ಅವ್ವಾ. ತುಪ್ಪ ಇದ್ದಂಗ.”

ಇಂದ್ರವ್ವ ಚಮಚ ಕೆಳಗಿಟ್ಟಳು. ಗಿಂಡಿಯನ್ನೊಮ್ಮೆ, ಮಗನನ್ನೊಮ್ಮೆ ನೋಡಿದಳು. ಧಾರವಾಡದಿಂದ ಬಂದ ಮೇಲೆ ಮೊದಲ ಸಲ ಅವಳ ಹಣೆಯ ಗಂಟು ಸಡಿಲಾಯಿತು. ಎದ್ದು ಹೋಗಿ ಗಿಂಡಿಯನ್ನು ಅಂಗಳದ ಕಟ್ಟೆಯ ಮೇಲೆ ಎಳೆಬಿಸಿಲಿಗೆ ಇಟ್ಟು ಬಂದಳು. ಅರ್ಧ ತಾಸಿಗೆ ತುಪ್ಪ ತಿಳಿಯಾಗಿ ಹೊಳೆಯುತ್ತಿತ್ತು. ಅದನ್ನು ತಂದು ಮಗನ ಅನ್ನಕ್ಕೆ ಸುರಿಯುವಾಗ ಅವಳು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಅನ್ನಪೂರ್ಣಾ ಅಲ್ಲೇ ತಿದ್ದುತ್ತಿದ್ದಳೋ ಏನೋ.

ಮುಂದಿನ ಭಾನುವಾರ ಮಾಂತೇಶ ಮಾಮ ರಾಮದುರ್ಗದಿಂದ ಬಂದ. ಇಂದ್ರವ್ವನ ತಮ್ಮ, ಅಪ್ಪ ತೀರಿದ ಮೇಲೆ ಮನೆಯ ದೊಡ್ಡ ಮಾತುಗಳೆಲ್ಲ ಅವನೆದುರಿಗೇ ಆಗಬೇಕು. ಪೈಪಿನ ಸಂಗತಿ ಅವನ ಮುಂದೆ ಇಟ್ಟಾಗ ಇಂದ್ರವ್ವನೇ ಮೊದಲು ಬಾಯಿ ತೆರೆದಳು.

“ಹೊಟ್ಟಿ ಕೊರದು ಪೈಪ್ ಹಾಕ್ತಾರಂತೋ ತಮ್ಮಾ. ಕೂಸಿಗೆ ಏನಾಗೈತಿ? ಥಂಡಿಗೆ ಹೆಪ್ಪುಗಟ್ಟೈತಿ, ಅಷ್ಟ. ಅನ್ನವ್ವನ ಹೇಳ್ಯಾಳ, ತುಪ್ಪ ಇದ್ದಂಗ ಅಂತ. ಶಿವರಾತ್ರಿ ಹಿಂದ ಹಾಕಿದ್ರ ಬಿಸಲ ಬರತೈತಿ. ತಾನ ಕರಗತೈತಿ. ಈಗ ಕೊರಿಸಿ, ಆಮ್ಯಾಲ ಆ ತೂತ ಯಾರು ಮುಚ್ಚವ್ರು?”

“ಹಂಗಲ್ಲವ್ವಾ…” ಎಂದಳು ಅನ್ನಪೂರ್ಣಾ.

“ಹಂಗಲ್ಲಂದ್ರ ಹೆಂಗ? ನೀನ ಅಂದೀ ಇಲ್ಲೊ?”

“ಅಂದೇನಿ. ಆದ್ರ…”

ಮಾಮ ತೊಡೆ ತಟ್ಟಿದ. “ಏ ಯಕ್ಕಾ, ನಮ್ಮ ರಾಮದುರ್ಗಕ್ಕ ಕಳಿಸ ಅವನ್ನ. ನಮ್ಮ ಬಿಸಲಿಗೆ ಕಲ್ಲ ಕರಗತಾವ. ತುಪ್ಪ ಯಾವ ಗಿಡದ ತಪ್ಪಲ?”

ಕಲ್ಮೇಶ ತೊದಲಿದ. ಮಾಮ ಅನ್ನಪೂರ್ಣಾಳ ಕಡೆ ನೋಡಿದ.

“ಕಲ್ಲ ಕರಗಿದ್ರ ನಿನ್ನ ತಲಿ ಇನ್ನೂ ಯಾಕ ಕರಗಿಲ್ಲ ಮಾಮಾ, ಅಂತಾನ.”

ಮಾಮ ಹೊಟ್ಟೆ ಹಿಡಿದು ನಕ್ಕ. “ನೋಡ ಯಕ್ಕಾ, ಇಂಥಾ ಮಾತಾಡೋ ಹುಡುಗಗ ಪೈಪ್ ಅಂತ!” ಎಂದ. ಮಾತು ಅಲ್ಲಿಗೆ ಮುಗಿಯಿತು. ಯುಗಾದಿ ತನಕ ನೋಡುವುದು ಎಂದಾಯಿತು.

ಮಾಮನನ್ನು ಬಸ್‌ಸ್ಟ್ಯಾಂಡಿಗೆ ಕಳಿಸಲು ಅವ್ವ ಹೋದಾಗ ಮನೆಯಲ್ಲಿ ಅಕ್ಕ ತಮ್ಮ ಇಬ್ಬರೇ ಉಳಿದರು. ಕಲ್ಮೇಶ ಬಹಳ ಹೊತ್ತು ತನ್ನ ಬಲಗೈಯನ್ನು ನೋಡುತ್ತ ಕುಳಿತಿದ್ದ. ಹೆಬ್ಬೆರಳಿನ ಬುಡದಲ್ಲಿ ಮಾಂಸ ಕರಗಿ ಗುಳಿ ಬಿದ್ದಿತ್ತು. ನಿಧಾನವಾಗಿ, ಒಂದೊಂದೇ ಅಕ್ಷರ ಎತ್ತಿಟ್ಟಂತೆ ಕೇಳಿದ.

“ಅಕ್ಕಾ. ಕರಗತೈತೇನ?”

ಅವನು ನಗುತ್ತ ಕೇಳಿದನೋ, ಅಥವಾ ಬಾಯಿಯ ಸ್ನಾಯು ಸೋತು ಹಾಗೆ ಕಂಡಿತೋ. ನಗುತ್ತಾನೆ ಎಂದೇ ಅವಳು ಅಂದುಕೊಂಡಳು. ಇವನಿಗೆ ಎಲ್ಲ ಗೊತ್ತಿದೆ, ಅವ್ವನ ಸಮಾಧಾನಕ್ಕೆ ಸುಮ್ಮನಿದ್ದಾನೆ ಎಂದುಕೊಂಡಳು.

“ನೋಡೂಣು,” ಎಂದಳು.

ಪೂರ್ತಿ ಸುಳ್ಳು ಹೇಳಿದೆನೆಂದು ಅವಳಿಗೆ ಅನ್ನಿಸಲಿಲ್ಲ. ಆ ಹನಿಗಳು ಬಿಸಿಗೆ ಕರಗುವುದನ್ನು ಅವಳು ಕಣ್ಣಾರೆ ನೋಡಿದ್ದಳು. ಗಾಜಿನ ಸ್ಲೈಡಿನ ಮೇಲೆ ಪ್ರೋಟೀನಿನ ದ್ರಾವಣ ತಣ್ಣಗಾದರೆ ಸಾವಿರ ಹನಿ ಮೂಡುತ್ತಿದ್ದವು, ದುಂಡಗೆ, ಮಳೆ ನಿಂತ ಮೇಲೆ ತಂತಿಗೆ ಜೋತ ನೀರಿನಂತೆ. ಒಂದು ಹನಿ ಇನ್ನೊಂದಕ್ಕೆ ತಾಗಿದರೆ ಎರಡೂ ಸೇರಿ ಒಂದಾಗುತ್ತಿದ್ದವು. ಸ್ವಲ್ಪ ಶಾಖ ಕೊಟ್ಟರೆ ಸಾಕು, ಇದ್ದವೋ ಇಲ್ಲವೋ ಎಂಬಂತೆ ಮಾಯವಾಗುತ್ತಿದ್ದವು. ಆ ಚೆಲುವಿಗೇ ಅವಳು ಮೂರು ವರ್ಷ ಅಲ್ಲಿದ್ದದ್ದು.

ಆದರೆ ಒಂದು ದಿನ ಅವಳು ಸ್ಲೈಡನ್ನು ಮುಂಜಾನೆಯಿಂದ ಸಂಜೆಯವರೆಗೆ ಹಾಗೆಯೇ ಇಟ್ಟಿದ್ದಳು. ಸಂಜೆಗೆ ಹನಿಗಳು ತಾಗಿದರೂ ಒಂದಾಗುತ್ತಿರಲಿಲ್ಲ, ಮೊಂಡು ಹಿಡಿದವರಂತೆ ಅಂಟಿಕೊಂಡು ನಿಂತಿದ್ದವು. ಒಂದರ ಅಂಚಿನಿಂದ ಜಾಲಿಯ ಮುಳ್ಳಿನಂಥ ಎಳೆಗಳು ಹೊರಟಿದ್ದವು. ಶಾಖ ಕೊಟ್ಟಳು. ಏನೂ ಆಗಲಿಲ್ಲ. ಇನ್ನೂ ಕೊಟ್ಟಳು. ಹಿಂದೆ ಬಂದು ನಿಂತ ಹಿರಿಯರು ಇಣುಕಿ ನೋಡಿ, ‘ಹಳೇದಾಯ್ತು, ಎಸೆದುಬಿಡಿ’ ಅಂದಿದ್ದರು. ಎಸೆದಿದ್ದಳು.

ಕಲ್ಮೇಶನಲ್ಲಿದ್ದದ್ದು ಹೊಸ ಹನಿಯಲ್ಲ. ಇದು ಹೊಸ್ತಿಲ ಮೇಲೆ ಕುಳಿತಾಗಲೂ ಅವಳಿಗೆ ಗೊತ್ತಿತ್ತು.

ಶಿವರಾತ್ರಿ ಕಳೆಯಿತು. ಬಿಸಿಲು ಏರತೊಡಗಿತು. ಇಂದ್ರವ್ವ ಅದಕ್ಕಾಗಿಯೇ ಕಾದು ಕುಳಿತಿದ್ದವಳಂತೆ ಕೆಲಸಕ್ಕೆ ನಿಂತಳು. ಬೆಳಿಗ್ಗೆ ಒಂಬತ್ತಕ್ಕೆ ಓಣಿಯ ಇಬ್ಬರು ಹುಡುಗರನ್ನು ಕರೆದು ಮಗನನ್ನು ಮಾಳಿಗೆಗೆ ಏರಿಸುವಳು. ಔಡಲ ಎಣ್ಣೆ ಕಾಯಿಸಿ ಕೈಕಾಲಿಗೆ ತಿಕ್ಕುವಳು. ತಲೆಗೆ ಒದ್ದೆ ಬಟ್ಟೆ, ಮೈಯೆಲ್ಲ ಬಿಸಿಲಿಗೆ. ಪಕ್ಕದಲ್ಲೇ, ಗುರುತಿಗೆ ಎಂಬಂತೆ, ತುಪ್ಪದ ಗಿಂಡಿ. ತುಪ್ಪ ಎಷ್ಟು ಹೊತ್ತಿಗೆ ಕರಗುತ್ತದೆ ಎಂದು ನೋಡಿ ಅಷ್ಟು ಹೊತ್ತು ಮಗನನ್ನು ಕೂಡಿಸುವಳು. ಬಿಸಿಲು ಸಾಲದ ದಿನ ಇಟ್ಟಿಗೆ ಕಾಯಿಸಿ ಚಾದರದ ತುಂಡಿನಲ್ಲಿ ಸುತ್ತಿ ಮೀನಖಂಡಕ್ಕೆ ಇಡುವಳು.

ಒಂದು ಸಂಜೆ ಕಾಲೇಜಿನಿಂದ ಬಂದ ಅನ್ನಪೂರ್ಣಾ ತಮ್ಮನ ಕಾಲಿನಲ್ಲಿ ಅಂಗೈಯಗಲ ಬೊಬ್ಬೆ ನೋಡಿದಳು.

“ಅವ್ವಾ, ಇದೇನಿದು! ಸುಟ್ಟೈತಲ್ಲ!”

ಇಂದ್ರವ್ವ ಬಗ್ಗಿ ನೋಡಿ ಬಾಯಿಗೆ ಸೆರಗು ಹಿಡಿದಳು. “ಅಂವಗ ಗೊತ್ತಾಗಿಲ್ಲ ಕಾಣತೈತಿ. ಗೊತ್ತಾಗಿದ್ರ ಕೂಗಿರತಿದ್ದ.”

ಗೊತ್ತಾಗದೇ ಇರುವ ರೋಗವಲ್ಲ ಅದು. ಅದು ಕೈಕಾಲಿನ ಶಕ್ತಿ ಕಸಿಯುತ್ತದೆ, ಬಾಯಿಯ ಮಾತು ಕಸಿಯುತ್ತದೆ, ನೋವನ್ನು ಮಾತ್ರ ಮುಟ್ಟುವುದಿಲ್ಲ. ಕಲ್ಮೇಶನ ಕಣ್ಣಂಚಿನಲ್ಲಿ ನೀರು ಒಣಗಿದ ಬಿಳಿಗೆರೆ ಇತ್ತು. ಆಗ ಅವನ ದನಿ ಪೂರ್ತಿ ಹೋಗಿ ಒಂದು ವಾರವಾಗಿತ್ತು. ಅನ್ನಪೂರ್ಣಾ ಅಂಗನವಾಡಿಯಿಂದ ಅಕ್ಷರಗಳ ಒಂದು ದೊಡ್ಡ ತಕ್ತೆ ತಂದಿದ್ದಳು. ಅವಳು ಸಾಲಿನ ಮೇಲೆ ಬೆರಳಾಡಿಸುವುದು, ಬೇಕಾದ ಅಕ್ಷರಕ್ಕೆ ಅವನು ಕಣ್ಣು ಮುಚ್ಚುವುದು. ಆ ಸಂಜೆ ತಕ್ತೆ ಹಿಡಿದಳು. ಅವನು ಹೇಳಿದ್ದು ಎರಡೇ ಶಬ್ದ.

ಬೈಬ್ಯಾಡ ಅವ್ವಗ.

ಅವಳು ಬೈಯಲಿಲ್ಲ. ಬೊಬ್ಬೆಗೆ ಮುಲಾಮು ಹಚ್ಚಿದಳು. ಇನ್ನು ಮೇಲೆ ಇಟ್ಟಿಗೆ ಬೇಡ ಎಂದಳು. ಯಾಕೆ ಬೇಡ ಎಂದು ಮಾತ್ರ ಪೂರ್ತಿ ಹೇಳಲಿಲ್ಲ.

ಮಾರ್ಚ್ ನಡುವಿನಲ್ಲಿ ಎರಡನೇ ವರ್ಷದ ಮಕ್ಕಳಿಗೆ ಪ್ರೋಟೀನಿನ ಪಾಠ ಬಂತು. ಪ್ರಾಕ್ಟಿಕಲ್ ಹಾಲಿನಲ್ಲಿ ಅವಳು ಪ್ರತಿ ವರ್ಷದಂತೆ ಮೊಟ್ಟೆಯ ಬಿಳಿಭಾಗವನ್ನು ಪ್ರನಾಳಕ್ಕೆ ಹಾಕಿ ಸ್ಪಿರಿಟ್ ದೀಪಕ್ಕೆ ಹಿಡಿದಳು. ನೀರಿನಂತೆ ಇದ್ದದ್ದು ಅಂಚಿನಿಂದ ಬೆಳ್ಳಗಾಗುತ್ತ ಬಂದು ಪೂರ್ತಿ ಗಟ್ಟಿಯಾಯಿತು. ಮುಂದಿನ ಸಾಲಿನಲ್ಲಿದ್ದ ರಂಜನಾ ಎಂಬ ಹುಡುಗಿ ಕೇಳಿದಳು.

“ಮ್ಯಾಡಂ, ಇದನ್ನ ಐಸ್‌ನ್ಯಾಗ ಇಟ್ರ ಮತ್ತ ಮೊದಲಿನಂಗ ಆಗತೈತೇನ್ರಿ?”

“ಇಲ್ಲ.”

“ಮತ್ತೇನ ಮಾಡಿದ್ರ ಆಗತೈತ್ರಿ?”

“ಏನ್ ಮಾಡಿದ್ರೂ ಆಗೂದಿಲ್ಲ,” ಎಂದಳು ಅನ್ನಪೂರ್ಣಾ. ಎಷ್ಟು ಸರಾಗವಾಗಿ ಬಂತು ಆ ಮಾತು! ಹುಡುಗಿಯರು ತಲೆಯಾಡಿಸಿ ಬರೆದುಕೊಂಡರು. ಯಾರೂ ಅಳಲಿಲ್ಲ.

ಬಸ್ಸಿನಲ್ಲಿ ಮರಳುವಾಗ ಅವಳು ತನಗೆ ತಾನೇ ಸಮರ್ಥನೆ ಕಟ್ಟುತ್ತ ಬಂದಳು. ಅವತ್ತು ಮೊಟ್ಟೆ ಎಂದು ಹೇಳಿದ್ದರೆ ಒಂದೇ ಮಾತಿಗೆ ತಿಳಿಯುತ್ತಿತ್ತು. ಆದರೆ ಅವರ ಮನೆಯಲ್ಲಿ ಆ ಶಬ್ದ ಆಡುವಂತಿಲ್ಲ. ಕೊರಳಲ್ಲಿ ಲಿಂಗ ಕಟ್ಟಿದ ಅವ್ವ, ಅಡುಗೆಮನೆಯ ಹೊಸ್ತಿಲು, ಹಬ್ಬದ ಮರುದಿನ. ಚಿಕ್ಕವಳಿದ್ದಾಗ ಶಾಲೆಯ ಪುಸ್ತಕದಲ್ಲಿ ಮೊಟ್ಟೆಯ ಚಿತ್ರವಿದೆ ಎಂದು ಅಪ್ಪ ಅದನ್ನು ದೇವರ ಜಗಲಿಯ ಹತ್ತಿರ ಇಡಗೊಡುತ್ತಿರಲಿಲ್ಲ. ಕಾಲೇಜಿನಲ್ಲಿ ಮೊಟ್ಟೆ ಮುಟ್ಟಿದ ದಿನ ಅವಳು ಇಂದಿಗೂ ಅಲ್ಲಿಯೇ ಎರಡು ಸಲ ಕೈತೊಳೆದು ಬರುತ್ತಾಳೆ. ಇಂಥ ಮನೆಯಲ್ಲಿ ತುಪ್ಪವೆನ್ನದೆ ಇನ್ನೇನು ಅನ್ನಬೇಕಿತ್ತು? ಇವತ್ತು ಮಾತ್ರ ಹೇಳಿಬಿಡುವುದು. ಹೋದ ಕೂಡಲೇ ಹೇಳುವುದು.

ಬಾಗಿಲಲ್ಲೇ ಇಂದ್ರವ್ವ ಎದುರಾದಳು. ಮುಖದಲ್ಲಿ ಬಹಳ ದಿನದ ಮೇಲೆ ಒಂದು ಕಳೆ.

“ಅನ್ನವ್ವಾ, ಇವತ್ತ ಒಂದ ವಾಟಗಾ ಅಂಬಲಿ ಕುಡದಾನ. ಒಮ್ಮಿನೂ ಕೆಮ್ಮಿಲ್ಲ! ನಾ ಹೇಳಿದ್ದಿಲ್ಲೇನ? ಬಿಸಲ ಹತ್ತಾಕ ಹತ್ತೈತಿ.”

ಅನ್ನಪೂರ್ಣಾ ಒಳಗೆ ಹೋಗಿ ತಮ್ಮನನ್ನು ನೋಡಿದಳು. ಕೊರಳಿನ ಗುಳಿ ಇನ್ನೂ ಆಳವಾಗಿತ್ತು, ಉಸಿರು ಹೆಗಲಿನಿಂದ ಬರುತ್ತಿತ್ತು. ಕೆಮ್ಮದೇ ಇದ್ದದ್ದು ಒಳ್ಳೆಯದೋ, ಕೆಮ್ಮುವ ಬಲವೂ ಹೋಯಿತೋ? ಅವಳಿಗೆ ಎರಡನೆಯದೇ ಹೊಳೆಯಿತು. ಹೊರಗೆ ಅವ್ವ ನೆರೆಮನೆಯ ಬೀರವ್ವನಿಗೆ ಅಂಬಲಿಯ ಸುದ್ದಿ ಹೇಳುವುದು ಕೇಳುತ್ತಿತ್ತು. ಬೀರವ್ವ, “ಎಲ್ಲಾ ಚಲೋ ಆಗತೈತಿ ಬಿಡವಾ” ಎನ್ನುತ್ತಿದ್ದಳು.

ಅವತ್ತೂ ಅವಳು ಹೇಳಲಿಲ್ಲ. ನಾಳೆ ಎಂದುಕೊಂಡಳು. ಆ ನಾಳೆಗೆ ಹದಿನಾಲ್ಕು ದಿನ ಹಿಡಿಯಿತು.

ಯುಗಾದಿಯ ಹಿಂದಿನ ಮುಂಜಾನೆ ಒಲೆಯ ಮೇಲಿಟ್ಟ ಹಾಲು ಒಡೆಯಿತು. ಹಿಂದಿನ ಸಂಜೆಯ ಹಾಲು, ಸೆಕೆಗೆ ಕೆಟ್ಟಿತ್ತು. ಇಂದ್ರವ್ವ ‘ಹಬ್ಬದ ಮುಂದ ಹಿಂಗಾತಲ್ಲ’ ಎಂದು ಗೊಣಗುತ್ತ ಪಾತ್ರೆ ಇಳಿಸಿದಳು. ಬಿಳಿ ಗಡ್ಡೆಗಳು ಒಂದು ಕಡೆ, ಹಳದಿ ನೀರು ಒಂದು ಕಡೆ. ಪಕ್ಕದ ಕೋಣೆಯಲ್ಲಿ ಕಲ್ಮೇಶನ ಗಂಟಲು ಗೊರಗೊರ ಅನ್ನುತ್ತಿತ್ತು. ಅಂಬಲಿ ಈಗ ಚಮಚದ ತುದಿಯಲ್ಲಿ ಮಾತ್ರ ಇಳಿಯುತ್ತಿತ್ತು, ಅದೂ ಅರ್ಧ ಗಲ್ಲದ ಮೇಲೆ.

“ಅವ್ವಾ,” ಎಂದಳು ಅನ್ನಪೂರ್ಣಾ. “ಕಲ್ಮೇಶನ ಮೈಯಾಗ ಆಗಿದ್ದು ಹಿಂಗ. ಈ ಹಾಲಿನಂಗ.”

ಇಂದ್ರವ್ವ ಪಾತ್ರೆಯಿಂದ ಕಣ್ಣೆತ್ತಲಿಲ್ಲ.

“ತುಪ್ಪ ಅಂದಿದ್ದಿ.”

“ತಪ್ಪ ಹೇಳಿದೆ. ತುಪ್ಪ ಅಲ್ಲ. ಬಿಸಲಿಗೆ ಕರಗೂದಲ್ಲ ಅದು. ಯಾವುದಕ್ಕೂ ಕರಗೂದಿಲ್ಲ.”

“ಇದನ್ನ ತಿರುಗಿ ಹಾಲ ಮಾಡಾಕ…”

“ಬರೂದಿಲ್ಲವ್ವಾ.”

ಒಲೆ ಉರಿಯುತ್ತಲೇ ಇತ್ತು. ಇಬ್ಬರಿಗೂ ಅದನ್ನು ಆರಿಸಬೇಕೆಂದು ತೋಚಲಿಲ್ಲ. ಇಂದ್ರವ್ವ ಕೇಳಿದಳು.

“ಮತ್ತ ತುಪ್ಪ ಅಂತ ಯಾಕಂದಿ?”

ಬಸ್ಸಿನಲ್ಲಿ ಕಟ್ಟಿಕೊಂಡಿದ್ದ ಸಮರ್ಥನೆ ತಾನಾಗಿ ಬಾಯಿಗೆ ಬಂತು. “ಅದಕ್ಕ ಸರಿಯಾದ ಹೋಲಿಕಿ ತತ್ತಿದು ಅವ್ವಾ. ತತ್ತಿ ಬೇಯಿಸಿದ್ರ ಹೆಂಗ ಆಗತೈತೋ ಹಂಗ. ಈ ಮನ್ಯಾಗ ಆ ಶಬ್ದ ಹೆಂಗ ಆಡ್ಲಿ ಅಂತ…”

ಇಂದ್ರವ್ವ ಈಗ ತಲೆಯೆತ್ತಿದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅನ್ನಪೂರ್ಣಾ ತಡೆದುಕೊಳ್ಳುತ್ತಿದ್ದಳು.

“ಹಾಲ ಇರಲಿಲ್ಲೇನ ಮನ್ಯಾಗ?”

ಹಾಲು ಇತ್ತು. ಅವತ್ತೂ ಇದೇ ಒಲೆಯ ಮೇಲೆ, ಗಿಂಡಿಯಿಂದ ಗೇಣು ದೂರದಲ್ಲಿ ಇತ್ತು. ಒಡೆದ ಹಾಲು ಎಂಬ ಮಾತು ನಾಲಗೆಯ ತುದಿಯವರೆಗೆ ಬಂದೂ ಇತ್ತು. ಹೆದರಿ ಅದನ್ನು ನುಂಗಿದ್ದಳು, ಕೈಗೆ ಸಿಕ್ಕ ಹಗುರವಾದ ಮಾತನ್ನು ಎತ್ತಿ ಕೊಟ್ಟಿದ್ದಳು. ಮೊಟ್ಟೆಯ ನೆಪ ಆಮೇಲೆ ಹೊಳೆದದ್ದು.

“ಗಾಡಿ ಮಾಡ,” ಎಂದಳು ಇಂದ್ರವ್ವ. “ಇವತ್ತ ಹೋಗೂಣು. ಪೈಪ್ ಹಾಕಸೂಣು. ಹಬ್ಬ ಗಿಬ್ಬ ಏನೂ ಬ್ಯಾಡ.”

ಧಾರವಾಡಕ್ಕೆ ಹೋದರು. ಡಾಕ್ಟರಮ್ಮ ಕಲ್ಮೇಶನ ಬಾಯಿಗೆ ಊದುವ ನಳಿಗೆ ಹಿಡಿದರು. ತುಟಿ ಕೂಡುತ್ತಿರಲಿಲ್ಲ, ಇಂದ್ರವ್ವ ತನ್ನ ಎರಡು ಬೆರಳಿನಿಂದ ಮಗನ ತುಟಿಗಳನ್ನು ನಳಿಗೆಯ ಸುತ್ತ ಒತ್ತಿ ಹಿಡಿದಳು. “ಊದೋ ನನ್ನಪ್ಪಾ, ಜೋರಾಗಿ ಊದ,” ಎನ್ನುತ್ತ ತಾನೇ ಕೆನ್ನೆ ಉಬ್ಬಿಸಿ ಊದಿದಳು. ಮೂರು ಸಲ ನೋಡಿದರು. ಮೂವತ್ತೊಂದು, ಮೂವತ್ತನಾಲ್ಕು, ಮೂವತ್ತೆರಡು.

ಡಾಕ್ಟರಮ್ಮ ಯಾರನ್ನೂ ಬೈಯಲಿಲ್ಲ. ಕಣ್ಣಿನ ಚಾಳೀಸು ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಈಗ ಮಲಗಿಸಿ ಮಾಡಿದ್ರೆ ಮೇಜಿನ ಮೇಲೇ ಉಸಿರು ನಿಲ್ಲಬಹುದು. ನಾನು ಕೈ ಹಾಕಲಾರೆ,” ಎಂದರು. “ಮೂಗಿನಿಂದ ಒಂದು ಸಣ್ಣ ನಳಿಗೆ ಇಳಿಸಿಕೊಡ್ತೀನಿ. ಗಂಜಿ ಕೊಡಬಹುದು. ಎಷ್ಟು ದಿನ ಅಂತ ಕೇಳಬೇಡ್ರಿ.” ಅನ್ನಪೂರ್ಣಾಳತ್ತ ತಿರುಗಿ, ತಗ್ಗಿದ ದನಿಯಲ್ಲಿ, ನಿಜಕ್ಕೂ ತಿಳಿಯದೆ ಕೇಳಿದರು: “ನೀವು ಓದಿದವರು. ಸಂಕ್ರಾಂತಿಯಲ್ಲೇ ಹೇಳಿದ್ದೆನಲ್ಲ?”

ಇಂದ್ರವ್ವ ಮಗಳ ಕಡೆ ನೋಡಲಿಲ್ಲ. “ನಂದ ತಪ್ಪ್ರಿ ಬಾಯಾರ,” ಎಂದಳು. “ನಾನ ಬ್ಯಾಡ ಅಂದೆ.”

ಏಪ್ರಿಲ್ ತಿಂಗಳ ಬಿಸಿಲು ಈಗ ಮುನವಳ್ಳಿಯ ಮಾಳಿಗೆಗಳನ್ನು ಹೆಂಚಿನಂತೆ ಕಾಯಿಸುತ್ತಿದೆ. ಇಂದ್ರವ್ವ ಮಗನನ್ನು ಮೇಲೆ ಕರೆದೊಯ್ಯುವುದನ್ನು ಬಿಟ್ಟಿದ್ದಾಳೆ. ಜೋಳದ ಗಂಜಿಯನ್ನು ತೆಳುವಾದ ಅರಿವೆಯಲ್ಲಿ ಸೋಸಿ, ಸಿರಿಂಜಿಗೆ ತುಂಬಿ, ಮೂಗಿನ ನಳಿಗೆಯಲ್ಲಿ ಗುಟುಕು ಗುಟುಕಾಗಿ ಬಿಡುತ್ತಾಳೆ. ಮಗಳ ಜೊತೆ ಬೇಕಾದಷ್ಟೇ ಮಾತು. ಗಂಜಿ ಆತು. ನೀರ ಕಾಸ. ಅವನ್ನ ಮಗ್ಗಲಿಗೆ ಹೊಳ್ಳಿಸ. ತುಪ್ಪದ ಗಿಂಡಿಯನ್ನು ಅವಳು ಕಟ್ಟೆಯಿಂದ ತೆಗೆದು ಅಡುಗೆಮನೆಯ ಕತ್ತಲೆಯ ಮೂಲೆಗೆ ಸರಿಸಿಟ್ಟಿದ್ದಾಳೆ. ಅಲ್ಲಿಯೂ ಅದು ನೀರಿನಂತೆ ಕರಗಿಯೇ ಇರುತ್ತದೆ.

ಮೊನ್ನೆ ಭಾನುವಾರ ಬೆಳಿಗ್ಗೆ ಅನ್ನಪೂರ್ಣಾ ತಮ್ಮನ ಗಾಲಿಕುರ್ಚಿಯನ್ನು ಅಂಗಳಕ್ಕೆ ಇಳಿಸಿ ತಂದು, ಮೈ ಒರೆಸಿ, ಅಂಗಿ ಬದಲಿಸಿದಳು. ಅವನ ಕಣ್ಣು ತಕ್ತೆಯ ಕಡೆ ಹೋಯಿತು. ಅವಳು ಅದನ್ನು ತೊಡೆಯ ಮೇಲಿಟ್ಟುಕೊಂಡು ಸಾಲಿನ ಮೇಲೆ ಬೆರಳಾಡಿಸಿದಳು. ಅವನು ಕಣ್ಣು ಮುಚ್ಚಿ ತೆರೆದು, ಮುಚ್ಚಿ ತೆರೆದು, ಅಕ್ಷರ ಕೂಡಿಸಿದ.

ನಿನಗ ಗೊತ್ತಿತ್ತ?

“ಏನು?” ಎಂದಳು. ಏನೆಂದು ಅವಳಿಗೆ ತಿಳಿದಿತ್ತು. ಅವನು ಕಾದ.

“ಗೊತ್ತಿತ್ತು.”

ಯಾವಾಗಿಂದ?

“ಮೊದಲಿಂದ.”

ಅವನು ಎದುರಿನ ಗೋಡೆ ನೋಡಿದ. ತಮಾಷೆ ಮಾಡುತ್ತಾನೆ ಎಂದು ಅವಳ ಮನಸ್ಸು ಇನ್ನೂ ಕಾಯುತ್ತಿತ್ತು. ಮಾಮನ ತಲೆಯ ಮೇಲೋ, ತನ್ನ ಮೂಗಿನ ನಳಿಗೆಯ ಮೇಲೋ ಒಂದು ಮಾತು. ಇಷ್ಟು ದಿನ ಅವಳು ಒಂದು ನಂಬಿಕೆಯ ಮೇಲೆ ನಿಂತಿದ್ದಳು, ಅವ್ವನಿಗೆ ಗೊತ್ತಿರಲಿಲ್ಲ, ಆದರೆ ಇವನಿಗೆ ಗೊತ್ತಿತ್ತು, ನಾವಿಬ್ಬರೂ ಸೇರಿಯೇ ಅವ್ವನನ್ನು ಕಾಯ್ದೆವು ಎಂದು. ಅವನ ಕಣ್ಣು ಮತ್ತೆ ತಕ್ತೆಗೆ ಬಂತು. ಈ ಸಲ ಬಹಳ ಹೊತ್ತು ಹಿಡಿಯಿತು. ನಡುವೆ ಎರಡು ಸಲ ಅವನಿಗೆ ದಣಿವಾಗಿ ನಿಲ್ಲಿಸಬೇಕಾಯಿತು. ಅವಳು ಒಂದೊಂದೇ ಅಕ್ಷರವನ್ನು ಗಟ್ಟಿಯಾಗಿ ಹೇಳುತ್ತ ಬಂದಳು, ಕೊನೆಗೆ ಕೂಡಿಸಿದ್ದನ್ನು ಮಾತ್ರ ಮನಸ್ಸಿನಲ್ಲೇ ಓದಿದಳು.

ನಾನೂ ಕರಗತೈತಿ ಅಂತ ಕುಂತಿದ್ದೆ.

ಬಿಸಿಲು ಕಟ್ಟೆ ದಾಟಿ ಅವನ ಪಾದಕ್ಕೆ ಬಂದಿತ್ತು. ಮೀನಖಂಡದ ಮೇಲೆ ಇಟ್ಟಿಗೆಯ ಕಲೆ ಕಪ್ಪಗೆ ಕಾಣುತ್ತಿತ್ತು. ಅವನ ಹಣೆಯ ಮೇಲೆ ಬೆವರು ಮೂಡಿ, ಒಂದು ಹನಿ ಇನ್ನೊಂದಕ್ಕೆ ತಾಗಿ, ಎರಡೂ ಸೇರಿ ಹುಬ್ಬಿನ ಕಡೆ ಇಳಿಯತೊಡಗಿದವು. ಒರೆಸಿಕೊಳ್ಳಲು ಅವನಿಗೆ ಕೈ ಇರಲಿಲ್ಲ. ಅವಳಿಗೆ ಇತ್ತು, ಆದರೆ ಆ ಕ್ಷಣ ಎತ್ತಲು ಬರಲಿಲ್ಲ.

ಅವನ ಕಣ್ಣು ಇನ್ನೊಮ್ಮೆ ತಕ್ತೆಯ ಕಡೆ ತಿರುಗಿತು. ಮೂರೇ ಅಕ್ಷರ.

ಒಳಗ.

ಅನ್ನಪೂರ್ಣಾ ಎದ್ದು, ತಕ್ತೆಯನ್ನು ಗೋಡೆಗೆ ಆನಿಸಿಟ್ಟು, ಕುರ್ಚಿಯನ್ನು ಬಿಸಿಲಿಗೆ ಬೆನ್ನು ಮಾಡಿ ತಿರುಗಿಸಿದಳು. ಹೊಸ್ತಿಲು ಬಂದಾಗ ಅವಳು ಒಬ್ಬಳೇ ಎತ್ತಲಾರದೆ ನಿಂತಳು. ಒಳಗಿನಿಂದ ಇಂದ್ರವ್ವ ಬಂದು ಇನ್ನೊಂದು ಬದಿಗೆ ಕೈ ಹಾಕಿದಳು.